ಬೀಗರ ಊಟಕ್ಕೆ ಬಾರದ ಕುರ್ಚಿಗಳು

ನಾನು ಕೆಲಸ ಮಾಡುವ ಪತ್ರಿಕೆ ನಾಲ್ಕು ಪುಟದ್ದು. ಚಿಕ್ಕಬಳ್ಳಾಪುರದಲ್ಲಿ ಅಚ್ಚಾಗಿ ಬೆಳಗಿನ ಬಸ್ಸುಗಳಲ್ಲಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಕ್ಕೆ ಹೋಗುತ್ತದೆ. ರೇಷ್ಮೆ ಗೂಡಿನ ಧಾರಣೆ, ಟೊಮೆಟೊ ಧಾರಣೆ, ಯಾರಿಗೆ ಸನ್ಮಾನ, ಯಾವ ವಾರ್ಡಿನಲ್ಲಿ ನೀರಿಲ್ಲ, ಇಷ್ಟನ್ನು ಬರೆದುಕೊಂಡು ನನ್ನ ಪಾಡಿಗೆ ನಾನಿದ್ದೆ. ಮಾನವ ಹಕ್ಕು ಎಂಬ ಮಾತನ್ನು ನಾನು ಬರೆಯುತ್ತಿದ್ದದ್ದು ವರ್ಷಕ್ಕೊಮ್ಮೆ, ಆ ಹೆಸರಿನ ದಿನಾಚರಣೆಯಲ್ಲಿ ಯಾರಾದರೂ ದೀಪ ಬೆಳಗಿಸಿ ಭಾಷಣ ಮಾಡಿದಾಗ. ಆ ಮಾತಿಗೂ ಶಾಮಿಯಾನದ ಅಂಗಡಿಯ ಬಾಡಿಗೆ ಕುರ್ಚಿಗೂ ಏನೋ ಸಂಬಂಧವಿದೆ ಎಂದು ನನಗೆ ಗೊತ್ತಾದದ್ದು ನಮ್ಮ ಅಕ್ಕನ ಮನೆಯ ಬೀಗರ ಊಟದಲ್ಲಿ.

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ಗೌರಿಬಿದನೂರಿನ ಪಕ್ಕದ ಹಳ್ಳಿಗೆ ಕೊಟ್ಟಿದ್ದಾರೆ. ಭಾವ ಮತ್ತು ಅವರ ತಮ್ಮ ಒಟ್ಟಿಗೇ ಜಮೀನು ನೋಡಿಕೊಳ್ಳುತ್ತಾರೆ. ಮುಸುಕಿನ ಜೋಳ, ಒಂದಿಷ್ಟು ಹೂವು. ಅಕ್ಕ ಮಾತ್ರ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಾಳೆ. ಹೊಲಿಯುವ ಕೆಲಸವಲ್ಲ, ಚೆಕಿಂಗ್ ಸೆಕ್ಷನ್. ಹೊಲಿದು ಬಂದ ಶರ್ಟನ್ನು ಮೇಜಿನ ಮೇಲೆ ಹರಡಿ ಹೊಲಿಗೆ ಬಿಟ್ಟಿದೆಯೇ, ಗುಂಡಿ ಸಡಿಲವಾಗಿದೆಯೇ, ಎಲ್ಲಾದರೂ ದಾರ ನೇತಾಡುತ್ತಿದೆಯೇ ಎಂದು ನೋಡಿ ಮುಂದಕ್ಕೆ ಕಳಿಸಬೇಕು. ಹೊಲಿಯುವವರಿಗೆ ಮಿಷನ್ನಿನ ಮುಂದೆ ಕೂರಲು ಸ್ಟೂಲು ಇರುತ್ತದೆ. ಚೆಕಿಂಗಿನವರು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು.

ಯಾಕೆ ಹಾಗೆ ಎಂದು ನಾನೊಮ್ಮೆ ಕೇಳಿದ್ದೆ.

"ಕೂತ್ಕೊಂಡ್ರೆ ಕಣ್ಣು ಎಳೀತದಂತೆ ಕಣೇ," ಎಂದಳು ಅಕ್ಕ. "ತಪ್ಪು ಕಾಣ್ಸಲ್ವಂತೆ."

"ಯಾರು ಹೇಳಿದ್ದು?"

"ಸೂಪರ್‌ವೈಸರ್ರು."

"ಅವರು ಕೂತ್ಕೋತಾರಾ?"

"ಅವ್ರಿಗೆ ಚೇರೈತೆ. ಅದಕ್ಕೇ ಅವ್ರಿಗೇನೂ ಕಾಣ್ಸಲ್ಲ."

ಸಂಜೆ ಕಾರ್ಖಾನೆಯ ವ್ಯಾನಿನಿಂದ ಇಳಿದು ಬಂದವಳೇ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದಳು. ಮೀನಖಂಡದಲ್ಲಿ ನರಗಳು ಗಂಟುಗಂಟಾಗಿ ಎದ್ದಿದ್ದವು. ಮನೆಯಲ್ಲಿ ಅದು ಎಲ್ಲರಿಗೂ ರೂಢಿಯಾಗಿಹೋಗಿತ್ತು, ನನಗೂ ಕೂಡ.

ಭಾವನ ತಮ್ಮನ ಮಗಳಿಗೆ ಮದುವೆಯಾಯಿತು. ಗಂಡಿನವರು ಚಿಂತಾಮಣಿ ತಾಲ್ಲೂಕಿನವರು, ಅಂಬಾಜಿದುರ್ಗದ ಬುಡದ ಒಂದು ಹಳ್ಳಿ. ಮದುವೆ ಚೆನ್ನಾಗಿಯೇ ನಡೆಯಿತು. ಅದಾದ ಮೇಲೆ ಹೆಣ್ಣಿನ ಮನೆಯಲ್ಲಿ ಬೀಗರ ಊಟ. ನಮ್ಮ ಕಡೆ ಮದುವೆಯಲ್ಲಿ ಏನು ಹೆಚ್ಚುಕಡಿಮೆಯಾದರೂ ಜನ ಮರೆಯುತ್ತಾರೆ, ಬೀಗರ ಊಟದಲ್ಲಿ ಆದದ್ದನ್ನು ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಹಾಗಾಗಿ ಮನೆಯ ಮುಂದಿನ ಬಯಲಿನಲ್ಲಿ ದೊಡ್ಡ ಪೆಂಡಾಲು ಹಾಕಿಸಿ, ಟೇಬಲ್ಲು ಕುರ್ಚಿ ಇಡಿಸಿ, ಕುರ್ಚಿಗಳಿಗೆ ಬಿಳಿ ಸ್ಯಾಟಿನ್ ಬಟ್ಟೆ ಹೊದಿಸಿ, ಹಿಂದೆ ಕೆಂಪು ರಿಬ್ಬನ್ನು ಕಟ್ಟಿಸಿದ್ದರು. ಹಿಂದಿನ ದಿನವೇ ಎಲ್ಲ ಸಿದ್ಧವಾಗಿತ್ತು.

ಅಕ್ಕನಿಗೆ ಆ ದಿನ ರಜೆ ಸಿಗಲಿಲ್ಲ. ಹುಡುಗಿ ಅವಳ ಕೈಯಲ್ಲೇ ಬೆಳೆದವಳು, ಆದರೂ ಸಿಗಲಿಲ್ಲ. ಇವರ ಶರ್ಟುಗಳನ್ನು ಕೊಳ್ಳುವ ಹೊರದೇಶದ ಕಂಪನಿಯ ಕಡೆಯವರು ಕಾರ್ಖಾನೆ ನೋಡಲು ಬರುವವರಿದ್ದರು. ಕೆಲಸಗಾರರಿಗೆ ಗಾಳಿ ಇದೆಯೇ, ಕುಡಿಯುವ ನೀರಿದೆಯೇ, ಕೂರಲು ಕುರ್ಚಿ ಇದೆಯೇ ಎಂದು ಅವರು ನೋಡುತ್ತಾರಂತೆ. ಅದಕ್ಕಾಗಿ ಯಾರಿಗೂ ರಜೆ ಇಲ್ಲ.

ಬೆಳಗ್ಗೆ ನಾನು ಹೋಗುವ ಹೊತ್ತಿಗೆ ಪೆಂಡಾಲಿನಲ್ಲಿ ಕುರ್ಚಿಗಳಿರಲಿಲ್ಲ. ಶಾಮಿಯಾನದವನು ಬೆಳಕು ಹರಿಯುವ ಮುಂಚೆ ಗಾಡಿ ತಂದು ಅಷ್ಟನ್ನೂ ತುಂಬಿಕೊಂಡು ಹೋಗಿದ್ದ. ಅರ್ಜೆಂಟಾಗಿ ಒಂದು ಫಂಕ್ಷನ್ನು ಬಂದಿದೆ, ಹತ್ತು ಗಂಟೆಗೆ ಶುರುವಾಗಿ ಹನ್ನೆರಡಕ್ಕೆ ಮುಗಿಯುತ್ತದೆ, ಊಟ ಒಂದಕ್ಕಲ್ಲವೇ, ಅಷ್ಟರಲ್ಲಿ ತಂದು ಹಾಕಿಬಿಡುತ್ತೇನೆ ಎಂದು ಭಾವನ ತಮ್ಮನಿಗೆ ಹೇಳಿದ್ದನಂತೆ. ಬಟ್ಟೆ ರಿಬ್ಬನ್ನು ಬಿಚ್ಚಲೂ ಪುರುಸೊತ್ತಿಲ್ಲದೆ ಹಾಗೇ ಎತ್ತಿಕೊಂಡು ಹೋಗಿದ್ದ.

ಒಂದು ಗಂಟೆಯಾಯಿತು. ಬೀಗರು ಬಸ್ಸುಗಳಲ್ಲಿ ಬಂದಿಳಿದರು. ಕುರ್ಚಿಗಳು ಬರಲಿಲ್ಲ.

ಮೊದಲು ಎಲ್ಲರೂ ಪೆಂಡಾಲಿನ ಅಲಂಕಾರ ನೋಡುವವರ ಹಾಗೆ ನಿಂತರು. ಆಮೇಲೆ ಸುಮ್ಮನೆ ನಿಂತರು. ಟೇಬಲ್ಲುಗಳ ಮೇಲೆ ಬಾಳೆಲೆ ಹಾಸಿತ್ತು, ನೀರಿನ ಬಾಟಲಿಗಳಿದ್ದವು. ಮಟನ್ ಸಾರಿನ ವಾಸನೆ ಇಡೀ ಊರಿಗೆ ಹರಡಿತ್ತು. ಮುದ್ದೆ ಆರುತ್ತಿತ್ತು. ಶಾಮಿಯಾನದವನ ಫೋನು ಬಹಳ ಹೊತ್ತು ಹತ್ತಲಿಲ್ಲ. ಕೊನೆಗೆ ಹತ್ತಿದಾಗ ಭಾವನ ತಮ್ಮ ಸ್ಪೀಕರ್ ಹಾಕಿದ.

"ಅಣ್ಣಾ, ಕುರ್ಚಿ ಬಿಡ್ತಿಲ್ಲ. ಮೇಲೆ ಕೂತವ್ರೆ," ಎಂದ ಅವನು.

"ಯಾರು ಕೂತವ್ರೆ?"

"ಹೆಂಗಸ್ರು. ಬಂದಿರೋರು ಇಲ್ಲೇ ಊಟಕ್ಕೂ ನಿಂತವ್ರೆ. ಅವ್ರು ಹೋಗೋಗಂಟ ಇವ್ರು ಏಳಂಗಿಲ್ಲ. ಕೂತಿರೋದನ್ನ ತೋರ್ಸಕ್ಕೇ ತಂದಿರೋದು."

ಇದು ಆಗ ನಮಗೆ ಯಾರಿಗೂ ಅರ್ಥವಾಗಲಿಲ್ಲ. ಯಾರೋ ಹೆಂಗಸರನ್ನು ಎಲ್ಲೋ ಪ್ರದರ್ಶನಕ್ಕೆ ಕೂರಿಸಿದ್ದಾರೆ ಎಂದಷ್ಟೇ ತಿಳಿದು ಭಾವನ ತಮ್ಮ ಗಾಬರಿಯಾಗಿ ಫೋನ್ ಇಟ್ಟ.

ಬೀಗರಲ್ಲಿ ಹಿರಿಯರು ಗಂಡಿನ ದೊಡ್ಡಪ್ಪ. ಎತ್ತರದ ಆಳು, ಗರಿಗರಿ ಬಿಳಿ ಪಂಚೆ, ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ಬೇರೆಯವರಿಗೆ ಚಾಪೆ ಹಾಸಿ ನೆಲದ ಮೇಲೆ ಕೂರಿಸಿದೆವು. ಅವರಿಗೆ ನೆಲದ ಮೇಲೆ ಕೂರಲಾಗದು. ಮನೆಯೊಳಗಿದ್ದ ಕುರ್ಚಿ ತಂದುಕೊಟ್ಟರೆ, ತಮ್ಮ ಜನ ನೆಲದ ಮೇಲಿರುವಾಗ ತಾನೊಬ್ಬನೇ ಕುರ್ಚಿಯಲ್ಲಿ ಕೂರುವುದಿಲ್ಲ ಎಂದರು. ಟೇಬಲ್ಲಿಗೆ ಬಗ್ಗಿ ತಿನ್ನಲು ನೋಡಿದರು, ಬಗ್ಗಿದರೆ ಸೊಂಟ ಹಿಡಿಯಿತು.

"ಏಮ್ಮಾ, ಇದೇಂ ಪದ್ಧತಿ?" ಎಂದರು ನನ್ನ ಕಡೆ ತಿರುಗಿ. ಅವರ ಮಾತಿನಲ್ಲಿ ಅರ್ಧ ತೆಲುಗು. "ಚಿಂತಾಮಣಿಯಿಂದ ಕೂತ್ಕೊಂಡು ಬಂದು ಇಲ್ಲಿ ಗೋದಲೀಲಿ ಎತ್ತು ಮೇದಂಗೆ ಮೇಯ್ಬೇಕಾ?"

ಕೊನೆಗೆ ಅವರು ಎಡ ಅಂಗೈ ಮೇಲೆ ಬಾಳೆಲೆಯ ತುಂಡು ಹಿಡಿದು, ಅದರ ಮೇಲೆ ಮುದ್ದೆ ಇಟ್ಟುಕೊಂಡು ನಿಂತರು. ಅವರ ತಮ್ಮ ಪಕ್ಕದಲ್ಲಿ ಸಾರಿನ ಬಟ್ಟಲು ಹಿಡಿದು ನಿಂತ. ದೊಡ್ಡಪ್ಪ ಮುದ್ದೆ ಮುರಿದು ಬಟ್ಟಲಿನಲ್ಲಿ ಅದ್ದುವುದು, ನುಂಗುವುದು, ಮತ್ತೆ ಅದ್ದುವುದು. ತಮ್ಮನಿಗೆ ಸೀನು ಬಂತು. ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿತು. ದೊಡ್ಡಪ್ಪ ಮತ್ತೆ ಅದ್ದಿದರು. ಬೀಗರ ಬಸ್ಸು ಹೊರಟಾಗ ಕಿಟಕಿಯಿಂದ ಯಾರೂ ಕೈ ಬೀಸಲಿಲ್ಲ.

ಸಂಜೆ ಎಲ್ಲರೂ ಜಗಲಿಯ ಮೇಲೆ ಸಾವಿನ ಮನೆಯವರಂತೆ ಕೂತಿದ್ದೆವು. ಅಕ್ಕ ವ್ಯಾನಿನಿಂದ ಇಳಿದಳು. ನಡಿಗೆಯಲ್ಲಿ ಎಂದೂ ಇಲ್ಲದ ಹಗುರ. ಬಕೆಟ್ಟು ಕೇಳಲೇ ಇಲ್ಲ. ಚಪ್ಪಲಿ ಬಿಟ್ಟವಳೇ ನನ್ನ ಪಕ್ಕ ಕೂತಳು.

"ಇವತ್ತು ನಮಗೂ ಚೇರ್ ಹಾಕಿದ್ರು ಕಣೇ," ಎಂದಳು. "ನೀನು ನೋಡ್ಬೇಕಿತ್ತು. ಬೆಳ್ಳಗೆ ಬಟ್ಟೆ ಹೊದ್ಸಿ, ಹಿಂದೆ ಕೆಂಪು ರಿಬ್ಬನ್ ಕಟ್ಟಿದ್ರು. ಬೆಳಗ್ಗಿಂದ ಮದುವೆ ಹೆಣ್ಣಿನಂಗೆ ಕೂತಿದ್ದೆ."

ಭಾವನ ತಮ್ಮ ಬಹಳ ಹೊತ್ತು ಅವಳನ್ನೇ ನೋಡಿದ.

"ಅತ್ತಿಗೆ," ಎಂದ, "ಆ ರಿಬ್ಬನ್ ಕಟ್ಸಿದ್ದು ನಾನು."

ಆ ಮನೆಯಲ್ಲಿ ಅದಾದ ಮೇಲೆ ಕೆಲವು ವಾರ ಅಕ್ಕನ ಸ್ಥಿತಿ ವಿಚಿತ್ರವಾಗಿತ್ತು. ಅಷ್ಟು ವರ್ಷ ನಿಂತು ಕೆಲಸ ಮಾಡಿದ್ದನ್ನು ಯಾರೂ ಒಂದು ಮಾತು ಎತ್ತಿ ಆಡಿದವರಲ್ಲ. ಒಂದು ದಿನ ಕೂತದ್ದಕ್ಕೆ ಎರಡು ತಾಲ್ಲೂಕಿನ ನೆಂಟರು ಮುನಿಸಿಕೊಂಡರು. ಬೀಗರು ನಿಂತು ಉಣ್ಣುವಾಗ ಹುಡುಗಿಯ ದೊಡ್ಡಮ್ಮ ಅದೇ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಳು ಎಂಬ ಮಾತು ಹೇಗೋ ಚಿಂತಾಮಣಿ ಮುಟ್ಟಿತು. ಭಾವನ ತಮ್ಮನ ಹೆಂಡತಿ ಅಕ್ಕನ ಜೊತೆ ಮಾತು ಬಿಟ್ಟಳು. ಅಕ್ಕ ಮನೆಯಲ್ಲಿ ಕೂರುವುದಕ್ಕೂ ಹಿಂಜರಿಯತೊಡಗಿದಳು. ನಾನು ಹೋದಾಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಮಾತಾಡುತ್ತಿದ್ದಳು. ಅದನ್ನು ನೋಡಿ ನನಗೆ ನಗು ಬಂತು, ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ನಗು ಉಳಿಯಲಿಲ್ಲ.

ಆಗಲೇ ಗಂಡಿನ ದೊಡ್ಡಪ್ಪ ನನಗೆ ಫೋನ್ ಮಾಡಿದರು.

"ನೀನು ಪೇಪರ್‌ನೋಳು ಅಲ್ವೇನಮ್ಮಾ? ನಾವು ಮರ್ಯಾದೆ ಇಲ್ದೋರ ಮನೇಲಿ ಹೆಣ್ಣು ತಂದ್ವಿ ಅಂತ ಊರೆಲ್ಲಾ ಆಡ್ಕೊಂತಾವ್ರೆ. ತಪ್ಪು ನಮ್ಮ ಬೀಗರದ್ದಲ್ಲ, ಕುರ್ಚೀದು ಅಂತ ಪೇಪರಲ್ಲಿ ಹಾಕು. ಆಗ ನಂಬ್ತಾರೆ."

ಅವರು ಹೇಳಿದಂತೆಯೇ ಬರೆದೆ. 'ಕುರ್ಚಿಗಳು ಕಾರ್ಖಾನೆಗೆ, ಬೀಗರು ನಿಂತೇ ಊಟಕ್ಕೆ' ಎಂದು ತಲೆಬರಹ. ಹೆಣ್ಣಿನ ಕಡೆಯವರು ಕುರ್ಚಿಗಳನ್ನು ಮುಂಚೆಯೇ ಹಾಕಿಸಿದ್ದರು, ಅಲಂಕಾರವನ್ನೂ ಮಾಡಿಸಿದ್ದರು, ಅತಿಥಿಸತ್ಕಾರದಲ್ಲಿ ಅವರದೇನೂ ಲೋಪವಿಲ್ಲ ಎಂದು ವಿವರವಾಗಿ ಬರೆದೆ. ಕೊನೆಗೆ ಒಂದು ವಾಕ್ಯ: ಹೊರದೇಶದಿಂದ ಬಂದವರಿಗೆ ಚೆಕಿಂಗ್ ಸೆಕ್ಷನ್ನಿನ ಹೆಂಗಸರು ಕೂತು ಕೆಲಸ ಮಾಡುತ್ತಾರೆಂದು ತೋರಿಸುವ ಸಲುವಾಗಿ ಕುಡುಮಲಕುಂಟೆಯ ಕಾರ್ಖಾನೆಯೊಂದು ಈ ಕುರ್ಚಿಗಳನ್ನು ತರಿಸಿಕೊಂಡಿತ್ತು. ನಮ್ಮ ಸಂಪಾದಕರು, ಪತ್ರಿಕೆಯ ಮಾಲೀಕರೂ ಅವರೇ, ತಲೆಬರಹ ಓದಿ ನಕ್ಕು ಪುಟಕ್ಕೆ ಹಾಕಲು ಹೇಳಿದರು. ಕೊನೆಯ ವಾಕ್ಯದವರೆಗೆ ಅವರು ಯಾವ ಸುದ್ದಿಯನ್ನೂ ಓದಿದವರಲ್ಲ.

ನಾನು ಬರೆದ ಯಾವುದನ್ನೂ ಜನ ಅಷ್ಟು ಓದಿರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಸಪ್ಲೈಯರು, "ಮೇಡಂ, ನೀವು ಕೂತ್ಕೊಂಡ್ ತಿಂತೀರೋ ನಿಂತ್ಕೊಂಡೋ?" ಎಂದು ಕೇಳತೊಡಗಿದ. ಗಂಡಿನ ದೊಡ್ಡಪ್ಪ ಪತ್ರಿಕೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಮುನಿಸು ಅರ್ಧ ಇಳಿಯಿತು.

ಮೂರನೆಯ ದಿನ ಕಾರ್ಖಾನೆಯ ಎಚ್.ಆರ್. ಅಧಿಕಾರಿ ಕಾರಿನಲ್ಲಿ ನಮ್ಮ ಆಫೀಸಿಗೇ ಬಂದರು. ಕತ್ತಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ಸಣ್ಣ ವಯಸ್ಸಿನವರು, ಬಹಳ ವಿನಯ.

"ಮೇಡಂ, ನಮ್ಮಲ್ಲಿ ಕುರ್ಚಿ ಇಲ್ಲ ಅನ್ನೋ ಅರ್ಥ ಬಂದಿದೆ. ನಮ್ಮಲ್ಲಿ ಕುರ್ಚಿ ಇದಾವೆ."

"ಮತ್ತೆ ಬಾಡಿಗೆಗೆ ಯಾಕೆ ತಂದ್ರಿ?"

"ಅವು ಹೆಚ್ಚುವರಿ."

"ಮೊದಲಿಂದ ಇದ್ದವು ಎಲ್ಲಿದ್ವು?"

ಅವರು ಸ್ವಲ್ಪ ಯೋಚಿಸಿದರು. "ಸ್ಟೋರ್‌ನಲ್ಲಿ. ಹಾಳಾಗಬಾರದು ಅಂತ."

ಸಂಪಾದಕರು ಅವರಿಗೆ ಕಾಫಿ ತರಿಸಿದರು. ಮರುದಿನ ಅದೇ ಪುಟದಲ್ಲಿ ಸ್ಪಷ್ಟನೆ ಬಂತು. ಅದರ ಒಂದೊಂದು ಶಬ್ದವೂ ಎಚ್.ಆರ್. ಅಧಿಕಾರಿಯದೇ: 'ಚೆಕಿಂಗ್ ಸೆಕ್ಷನ್ನಿನ ಪ್ರತಿಯೊಬ್ಬ ಮಹಿಳೆಗೂ ಒಂದು ಕುರ್ಚಿ ಇದೆ.'

ನಾನು ಅದನ್ನು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ.

"ನನಗೂ ಐತಾ?" ಎಂದಳು.

"ಪ್ರತಿಯೊಬ್ಬರಿಗೂ ಅಂತ ಇದೆ."

ಮರುದಿನ ಅವರು ಸ್ಟ್ರೈಕ್ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಊಟದ ಬಿಡುವಿನಲ್ಲಿ ಚೆಕಿಂಗ್ ಸೆಕ್ಷನ್ನಿನ ಹೆಂಗಸರೆಲ್ಲ ತಮ್ಮ ತಮ್ಮ ಕುರ್ಚಿ ಹುಡುಕಿದರು. ಮೇಜಿನ ಕೆಳಗೆ ಬಗ್ಗಿ ನೋಡಿದರು. ಬಟ್ಟೆಯ ಬಂಡಲುಗಳ ಹಿಂದೆ ನೋಡಿದರು. ಸ್ಟೋರ್ ಕೀಪರನ್ನು ಹೋಗಿ ಕೇಳಿದರು. ಅವನು ಯಾವ ಕುರ್ಚಿ ಎಂದ. "ಪೇಪರಲ್ಲಿ ಬಂದೈತಲ್ಲಣ್ಣ, ಅದು," ಎಂದರು. ಅವನು ಸೂಪರ್‌ವೈಸರರನ್ನು ಕೇಳಿದ, ಅವರು ಎಚ್.ಆರ್. ಅಧಿಕಾರಿಗೆ ಫೋನ್ ಮಾಡಿದರು. ಮರುದಿನವೂ ಹುಡುಕಿದರು, ಅದರ ಮರುದಿನವೂ ಹುಡುಕಿದರು. ಪತ್ರಿಕೆಯಲ್ಲಿ ಬಂದದ್ದನ್ನು ಕಾರ್ಖಾನೆಯೇ ಬರೆಸಿತ್ತು, ಹಾಗಾಗಿ ಹುಡುಕಬೇಡಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ವಾರ ಕಳೆಯುವುದರೊಳಗೆ ಲಾರಿಯಲ್ಲಿ ಹೊಸ ಕುರ್ಚಿಗಳು ಬಂದವು.

ನಾನು ಹಿಗ್ಗಿಹೋದೆ. ನಾಲ್ಕು ಪುಟದ ಪತ್ರಿಕೆಯ ಒಂದು ಸ್ಪಷ್ಟನೆಯಿಂದ ಇಷ್ಟಾಯಿತಲ್ಲ ಎಂದುಕೊಂಡು ಭಾನುವಾರ ಸಿಹಿ ತೆಗೆದುಕೊಂಡು ಅಕ್ಕನ ಮನೆಗೆ ಹೋದರೆ ಅವಳು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

"ಕುರ್ಚಿ ಬರ್ಲಿಲ್ವಾ?"

"ಬಂದೈತೆ."

"ಮತ್ತೆ?"

"ಕೂರಂಗಿಲ್ಲ."

ಕುರ್ಚಿಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಕವರನ್ನು ಹರಿಯಬಾರದು ಎಂದು ಹೇಳಿದ್ದರಂತೆ. ಕೂತರೆ ಶರ್ಟುಗಳ ಟಾರ್ಗೆಟ್ ಮುಟ್ಟುವುದಿಲ್ಲ. ಕುರ್ಚಿ ಇದೆ ಎಂದು ಪೇಪರಿಗೆ ಹೇಳಿದ್ದೆವು, ಇಟ್ಟಿದ್ದೇವೆ, ಕೂರುತ್ತಾರೆ ಎಂದು ಎಲ್ಲಿ ಹೇಳಿದ್ದೆವು ಎಂದು ಎಚ್.ಆರ್. ಅಧಿಕಾರಿ ಕೇಳಿದರಂತೆ. ಮೊದಲು ಹೆಂಗಸರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕುರ್ಚಿ ನಿಂತಿತ್ತು. ಹಾಗಾಗಿ ಅವರು ಕುರ್ಚಿಗೂ ಮೇಜಿಗೂ ನಡುವೆ ಓರೆಯಾಗಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ನಿಲ್ಲಬೇಕಾಗಿತ್ತು. ಊಟದ ಡಬ್ಬಿಯ ಚೀಲವನ್ನು ಕುರ್ಚಿಯ ಮೇಲಿಟ್ಟರೆ ಬೈಗುಳ. ಕುರ್ಚಿಗೆ ಧೂಳು ಕೂರಬಾರದೆಂದು ಒಬ್ಬ ಹೆಂಗಸನ್ನು ಒರೆಸಲು ಹಾಕಿದ್ದರು.

"ಧೂಳೂ ಕೂರಂಗಿಲ್ಲ," ಎಂದಳು ಅಕ್ಕ.

ಇದನ್ನು ನೇರವಾಗಿ ಸುದ್ದಿ ಮಾಡುತ್ತೇನೆ ಎಂದು ಸಂಪಾದಕರ ಬಳಿ ಹೋದೆ. ಅವರು ಈ ಸಲ ಪೂರ್ತಿ ಓದಿದರು. ರಾಜ್ಯೋತ್ಸವದ ಶುಭಾಶಯದ ಜಾಹೀರಾತು ಕೊಡುವುದು ಅದೇ ಕಾರ್ಖಾನೆ.

"ಯಾರು ಹೇಳಿದ್ದು ಇದನ್ನ?"

"ನಮ್ಮಕ್ಕ. ಅಲ್ಲೇ ಕೆಲಸ ಮಾಡ್ತಾಳೆ."

"ನೆಂಟರ ಮಾತನ್ನ ಸುದ್ದಿ ಅಂತ ಹಾಕಕ್ಕಾಗಲ್ಲಮ್ಮ." ಹಾಳೆಯನ್ನು ವಾಪಸ್ಸು ಕೊಟ್ಟು, ಆಮೇಲೆ ಏನೋ ನೆನಪಾದವರಂತೆ, "ಭಾನುವಾರದ ಹಾಸ್ಯಕ್ಕೆ ಏನೂ ಬಂದಿಲ್ಲ. ಅದನ್ನ ಬರೆಯೋ ಶಿಡ್ಲಘಟ್ಟದ ಮೇಷ್ಟ್ರು ಕಣ್ಣಿನ ಆಪರೇಷನ್‌ಗೆ ಹೋಗಿದಾರೆ. ಒಂದಿಷ್ಟು ನಗೋ ಅಂಥದ್ದು ಏನಾದ್ರೂ ಇದ್ರೆ ಕೊಡು," ಎಂದರು.

ನಾನು ಹಾಳೆಯನ್ನು ಹಿಡಿದು ನೋಡಿದೆ. ಒಂದು ಶಬ್ದವನ್ನೂ ಬದಲಿಸುವ ಅಗತ್ಯ ಕಾಣಲಿಲ್ಲ.

ಆದರೆ ಅಕ್ಕನಿಗೂ ಅವಳ ಜೊತೆಯವರಿಗೂ ತೊಂದರೆಯಾಗಬಾರದು. ಸಂಜೆ ಗೌರಿಬಿದನೂರಿಗೆ ಹೋಗಿ ವ್ಯಾನ್ ಇಳಿಯುವ ಜಾಗದಲ್ಲಿ ಕಾದು ಅವರೆಲ್ಲರನ್ನೂ ಕೇಳಿದೆ. ಊರು ಹಾಕುವುದಿಲ್ಲ, ಕಾರ್ಖಾನೆಯ ಹೆಸರಿಲ್ಲ, ಯಾರ ಹೆಸರೂ ಇಲ್ಲ, ಆದರೂ ಗುರುತು ಹಿಡಿಯಬಹುದು, ಬೇಡ ಎಂದರೆ ಬಿಡುತ್ತೇನೆ ಎಂದೆ. ಅಲ್ಲೇ ನಿಂತು ಚರ್ಚೆಯಾಯಿತು. ಕೆಲಸ ಹೋದರೆ ಎಂದರು ಕೆಲವರು. ನಮ್ಮನ್ನು ನೋಡಿ ಊರು ನಗುತ್ತದಲ್ಲ ಎಂದಳು ಅಕ್ಕ. ಅವರಲ್ಲಿ ಹಿರಿಯಳೊಬ್ಬಳಿದ್ದಳು, ಆಂಧ್ರದ ಗಡಿಯ ಕಡೆಯಿಂದ ಬರುವವಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, "ನವ್ವುಕುಂಟೇ ನವ್ವುಕೋನೀ," ಎಂದಳು. ನಕ್ಕರೆ ನಗಲಿ. "ನಿಂತು ನಿಂತು ಅಳೋದಾಯ್ತು. ಹಾಕಮ್ಮಾ."

ಭಾನುವಾರ ಅದು ಹಾಸ್ಯದ ಅಂಕಣದಲ್ಲಿ ಬಂತು. ಜನ ನಕ್ಕರು. ಸಂಪಾದಕರು ಅಚ್ಚಾದ ಮೇಲೂ ಇನ್ನೊಮ್ಮೆ ಓದಿ ನಕ್ಕರು. ಎಷ್ಟು ಚೆನ್ನಾಗಿ ಕಲ್ಪಿಸಿಕೊಂಡಿದ್ದೀರಿ ಎಂದು ಕಾಲೇಜಿನ ಒಬ್ಬ ಅಧ್ಯಾಪಕರು ಮೆಚ್ಚಿಕೊಂಡರು.

ಆ ಸೆಕ್ಷನ್ನಿನ ಒಬ್ಬಳ ಮಗಳು ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದಳು. ಅವಳು ತಾಯಿಯನ್ನು ಕೇಳಿಕೊಂಡು ಅದನ್ನು ಇಂಗ್ಲಿಷಿಗೆ ಮಾಡಿ ಫೋನಿನಲ್ಲಿ ಹಾಕಿದಳು. ಶರ್ಟಿನ ಕಾಲರಿನ ಮೇಲಿರುವ ಹೆಸರಿನ ಕಂಪನಿಯವರಿಗೂ ಕಾಣುವಂತೆ ಹಾಕಿದಳು. ಅದು ಎಲ್ಲೆಲ್ಲಿ ಹೋಯಿತೋ ನನಗೆ ತಿಳಿಯದು. ಸ್ವಲ್ಪ ದಿನದ ಮೇಲೆ ಆ ಕಂಪನಿಯ ಬೆಂಗಳೂರು ಕಚೇರಿಯಿಂದ ನನಗೆ ಫೋನ್ ಬಂತು. ಹೊರದೇಶದ ಅವರ ಮೇಡಂ ಒಬ್ಬರು ನನ್ನ ಜೊತೆ ವಿಡಿಯೋದಲ್ಲಿ ಮಾತಾಡಬೇಕಂತೆ.

ಆಫೀಸಿನ ಕಂಪ್ಯೂಟರಿನ ಮುಂದೆ ನಾನು, ನನ್ನ ಹಿಂದೆ ಕಾಣದ ಹಾಗೆ ಸಂಪಾದಕರು. ತೆರೆಯ ಮೇಲೆ ಒಂದು ಚೌಕದಲ್ಲಿ ಆ ಮೇಡಂ, ಇನ್ನೊಂದರಲ್ಲಿ ಅವರ ಮಾತನ್ನು ಕನ್ನಡಕ್ಕೆ ಹೇಳುವ ಬೆಂಗಳೂರಿನ ಹೆಣ್ಣುಮಗಳು, ಮೂರನೆಯದರಲ್ಲಿ ಕಾರ್ಖಾನೆಯ ಎಚ್.ಆರ್. ಅಧಿಕಾರಿ. ಮೇಡಂ ಮೊದಲು ಒಂದು ಫೋಟೋ ತೋರಿಸಿದರು. ಪರಿಶೀಲನೆಗೆ ಬಂದವರು ತೆಗೆದದ್ದು. ಬಿಳಿ ಸ್ಯಾಟಿನ್ ಹೊದ್ದ ಕುರ್ಚಿಗಳಲ್ಲಿ ಚೆಕಿಂಗ್ ಸೆಕ್ಷನ್ನು ಸಾಲಾಗಿ ಕೂತಿತ್ತು. ನಡುವೆ ನಮ್ಮಕ್ಕ, ಬೆನ್ನು ನೆಟ್ಟಗೆ ಮಾಡಿಕೊಂಡು.

"ಕೆಲಸದ ಜಾಗವನ್ನು ಇಷ್ಟು ಪ್ರೀತಿಯಿಂದ ಅಲಂಕರಿಸೋದು ನಿಮ್ಮ ಕಡೆಯ ಸಂಪ್ರದಾಯ ಅಂದುಕೊಂಡೆವು ಅಂತ ಹೇಳ್ತಿದಾರೆ," ಎಂದಳು ಕನ್ನಡಕ್ಕೆ ಹೇಳುವವಳು. "ರಿಪೋರ್ಟಲ್ಲಿ ಮೆಚ್ಚಿ ಬರೆದಿದಾರಂತೆ."

ನಾನು ಬೀಗರ ಊಟ ಎಂದರೇನು ಎಂದು ವಿವರಿಸಿದೆ. ಅದು ಅವರಿಗೆ ತಲುಪಲು ಸಮಯ ಹಿಡಿಯಿತು. ಮೇಡಂ ನಗಲಿಲ್ಲ.

"ಆಮೇಲೆ ಬರೆದದ್ದು, ಕೂರಬಾರದ ಕುರ್ಚಿಯ ವಿಷಯ, ಅದು ವರದಿಯೋ ಹಾಸ್ಯವೋ ಅಂತ ಕೇಳ್ತಿದಾರೆ."

"ಹಾಸ್ಯದ ಅಂಕಣದಲ್ಲಿ ಬಂದಿದೆ," ಎಂದೆ.

"ಹಾಸ್ಯ ಮೇಡಂ, ಬರೀ ಹಾಸ್ಯ," ಎಂದರು ಎಚ್.ಆರ್. ಅಧಿಕಾರಿ ಸಮಾಧಾನದಿಂದ.

ಮೇಡಂ ಅವರ ಕಡೆ ತಿರುಗಿ ಏನೋ ಕೇಳಿದರು.

"ಹಾಗಾದರೆ ಇದರಲ್ಲಿ ನಿಜ ಅಲ್ಲದ್ದು ಯಾವುದು ಅಂತ ನಿಮ್ಮನ್ನ ಕೇಳ್ತಿದಾರೆ, ಸರ್."

ಎಚ್.ಆರ್. ಅಧಿಕಾರಿ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಪ್ರಾಮಾಣಿಕ ಮನುಷ್ಯ, ಪೂರ್ತಿ ಯೋಚನೆ ಮಾಡಿಯೇ ಉತ್ತರ ಕೊಟ್ಟರು.

"ಧೂಳು ಒರೆಸೋದು ದಿನಾ ಅಲ್ಲ ಮೇಡಂ. ದಿನ ಬಿಟ್ಟು ದಿನ."

ನನ್ನ ಹಿಂದೆ ಸಂಪಾದಕರು ಕೆಮ್ಮಿದರು.

ಪ್ಲಾಸ್ಟಿಕ್ ಕವರು ಹರಿಯಿತು. ಮೊದಲ ದಿನ ಕೂತರೆ ಮೇಜು ಗಲ್ಲಕ್ಕೆ ಬಂತಂತೆ, ನಿಲ್ಲುವವರ ಅಳತೆಗೆ ಮಾಡಿದ ಮೇಜಲ್ಲವೇ. ಆಮೇಲೆ ಕಾಲಿಡಲು ಪಟ್ಟಿ ಇರುವ ಎತ್ತರದ ಸ್ಟೂಲುಗಳು ಬಂದವು. ಟಾರ್ಗೆಟ್ಟು ಸ್ವಲ್ಪ ಇಳಿಯಿತು, ಬೇಕಾದಷ್ಟಲ್ಲ. ಕೆಲಸಗಾರರ ಸಮಿತಿ ಅಂತ ಒಂದು ಮೊದಲಿಂದಲೂ ಹೆಸರುಗಳ ಪಟ್ಟಿಯಾಗಿ ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ಇತ್ತು, ಅದರ ಸದಸ್ಯರಲ್ಲಿ ಹೆಚ್ಚಿನವರು ಕೆಲಸ ಬಿಟ್ಟು ಹೋಗಿದ್ದರು. ಈಗ ನಿಜವಾಗಿ ಚುನಾವಣೆ ನಡೆದು, ನಕ್ಕರೆ ನಗಲಿ ಎಂದವಳು ಸಮಿತಿಗೆ ಬಂದಳು. ಯಾರ ಕೆಲಸವೂ ಹೋಗಲಿಲ್ಲ. ಎಚ್.ಆರ್. ಅಧಿಕಾರಿಯನ್ನು ಮಾತ್ರ ಬೇರೆ ಎಲ್ಲಿಗೋ ವರ್ಗ ಮಾಡಿದರು. ನನಗೆ ಅದಕ್ಕೆ ಬೇಸರವಿದೆ. ಅಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟವರು ಅವರೊಬ್ಬರೇ.

ಕೆಲವು ತಿಂಗಳ ಮೇಲೆ ಕಂಪನಿಯವರು ಇದನ್ನೆಲ್ಲ ಒಂದು ಸಣ್ಣ ಸಿನಿಮಾ ಮಾಡಲು ಬಂದರು. ತಮ್ಮ ಶರ್ಟಿನ ಹಿಂದಿನ ಕಥೆಯನ್ನು ಗಿರಾಕಿಗಳಿಗೆ ಹೇಳಬೇಕಂತೆ. ನನ್ನನ್ನೂ ತೋರಿಸಬೇಕೆಂದರು. ನಮ್ಮ ಆಫೀಸು ಕ್ಯಾಮೆರಾಕ್ಕೆ ಚೆನ್ನಾಗಿಲ್ಲವೆಂದು ಅಂಬಾಜಿದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋದರು. ಹೆಗಲಿಗೆ ಚೀಲ ಹಾಕಿಕೊಂಡು ಬಂಡೆಗಳ ನಡುವೆ ನಡೆದು, ತುದಿಯಲ್ಲಿ ನಿಂತು ದೂರ ನೋಡಬೇಕಾಗಿತ್ತು. ಅಲ್ಲಿಂದ ಕಾರ್ಖಾನೆ ಕಾಣುವುದಿಲ್ಲ ಎಂದೆ. ಪರವಾಗಿಲ್ಲ ಮೇಡಂ, ನೀವು ನೋಡ್ತಾ ಇರಿ ಎಂದರು.

ಕಾರ್ಖಾನೆಯಲ್ಲಿ ಅವರಿಗೆ ತೊಡಕಾಯಿತು. ಹೆಂಗಸರು ಕೂತು ಕೆಲಸ ಮಾಡುತ್ತಿದ್ದರು. ಬದಲಾವಣೆ ತೋರಿಸಬೇಕಾದರೆ ಮೊದಲಿನ ಸ್ಥಿತಿಯೂ ಬೇಕಲ್ಲ. ಹಾಗಾಗಿ ಒಂದು ದಿನದ ಮಟ್ಟಿಗೆ ಸ್ಟೂಲುಗಳನ್ನೆಲ್ಲ ಎತ್ತಿ ಹೊರಗಿಡಿಸಿ ಅವರನ್ನು ನಿಲ್ಲಿಸಿದರು. ಬೆಳಗ್ಗೆಯಿಂದ ನಿಂತರು. ಡೈರೆಕ್ಟರು ಬೆಂಗಳೂರಿನ ಹುಡುಗಿ.

"ಆಂಟಿ, ಮುಖದಲ್ಲಿ ಸ್ವಲ್ಪ ನೋವು ಕಾಣ್ಬೇಕು," ಎಂದಳಂತೆ ಅಕ್ಕನಿಗೆ.

"ಮಧ್ಯಾಹ್ನದ ಮೇಲೆ ಬಾಮ್ಮ," ಎಂದಳಂತೆ ಅಕ್ಕ. "ತಾನಾಗೇ ಬರ್ತದೆ."

ಬಂತು. ಮೂರು ಗಂಟೆಯ ಹೊತ್ತಿಗೆ ಇನ್ನೊಂದು ಟೇಕ್ ಎನ್ನುವಾಗ ಸಮಿತಿಯ ಹಿರಿಯಳು ಹೊರಗೆ ಹೋಗಿ ತನ್ನ ಸ್ಟೂಲನ್ನು ತಾನೇ ಎತ್ತಿಕೊಂಡು ಬಂದು ಕೂತಳು. "ಚಾಲು ತಲ್ಲೀ, ಸಾಕು," ಎಂದಳು ಅಷ್ಟೇ. ಒಬ್ಬೊಬ್ಬರಾಗಿ ಉಳಿದವರೂ ಹೋಗಿ ತಂದುಕೊಂಡರು. ಡೈರೆಕ್ಟರಿಗೆ ಅದು ಬಹಳ ಹಿಡಿಸಿತು, ಅದನ್ನೇ ಇನ್ನೊಮ್ಮೆ ಮಾಡುತ್ತೀರಾ, ಕ್ಯಾಮೆರಾ ಆನ್ ಇರಲಿಲ್ಲ ಎಂದಳು. ಯಾರೂ ಏಳಲಿಲ್ಲ.

ಅಕ್ಕ ಈಗಲೂ ಅಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಕಾಲಿನ ನರಗಳು ಹಾಗೇ ಇವೆ. ಇನ್ನೂ ಮುಂಚೆಯೇ ಕೂತಿದ್ದರೆ ಇಷ್ಟಾಗುತ್ತಿರಲಿಲ್ಲ, ಇನ್ನು ಹೆಚ್ಚಾಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ.

ಶಿಡ್ಲಘಟ್ಟದ ಮೇಷ್ಟ್ರು ಆಪರೇಷನ್ ಮುಗಿಸಿ ಬಂದ ಮೇಲೆ ನಾನು ಬರೆದದ್ದನ್ನು ಓದಿ, ಹಾಸ್ಯದ ಅಂಕಣವನ್ನು ನನಗೇ ಬಿಟ್ಟುಕೊಟ್ಟರು. ತಾವು ಇಷ್ಟು ವರ್ಷ ಬರೆದದ್ದೆಲ್ಲ ಬರೀ ಕಲ್ಪನೆ, ಇದರ ಮುಂದೆ ನಿಲ್ಲುವುದಿಲ್ಲ ಎಂದರು. ಸಂಪಾದಕರು ಆ ಅಂಕಣವನ್ನು ಈಗಲೂ ತಲೆಬರಹ ಮಾತ್ರ ಓದಿ ಪುಟಕ್ಕೆ ಹಾಕುತ್ತಾರೆ. ಜನ ನನಗೆ ಫೋನ್ ಮಾಡುತ್ತಾರೆ, ಕೋಳಿ ಫಾರಂನಿಂದ, ಇಟ್ಟಿಗೆ ಗೂಡಿನಿಂದ, ಪ್ಯಾಕಿಂಗ್ ಶೆಡ್ಡಿನಿಂದ. ಮೊನ್ನೆ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕದಿಂದ ಒಬ್ಬಾಕೆ ಮಾಡಿದ್ದಳು. ಹಿಂದೆ ಯಂತ್ರದ ಸದ್ದು, ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಮೇಡಂ, ನಮ್ಮಲ್ಲಿ ಗೂಡು ಇಡೋ ರೂಮಿಗೆ ಫ್ಯಾನ್ ಐತೆ. ನಾವು ಬಿಸಿನೀರಲ್ಲಿ ಕೈ ಇಟ್ಕೊಂಡು ಕೂತಿರೋ ಕಡೆ ಇಲ್ಲ. ಗೂಡಿಗೆ ಸೆಕೆ ಆಗ್ತದೆ ಅಂತಾರೆ. ಇದು ಹಾಸ್ಯಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ಯಾವ ಬೀದಿ ಎಂದು ಕೇಳಿಕೊಂಡು, ಚೀಲ ತೆಗೆದುಕೊಂಡು, ಶಿಡ್ಲಘಟ್ಟದ ಬಸ್ಸು ಹತ್ತಿದೆ.